ಶೇರುಪೇಟೆ: ಹೊಸಬರ ಕೆಲವು ಸಂದೇಹಗಳು

(ಮಾಣಿಕನಗರದಲ್ಲಿ ನೆರೆದ ಶಿಕ್ಷಕರ ಮತ್ತು ನಾಗರಿಕರ ಸಭೆಯಲ್ಲಿ ನ್ಯಾಯವಾದಿಗಳೊಬ್ಬರು ಮಾಡಿದ ಭಾಷಣ)



ಶ್ರೀ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ದುಡ್ಡಿನ ಮಾತನಾಡುವದು ಕೆಲವರಿಗೆ ಉಚಿತವೆನಿಸಲಿಕ್ಕಿಲ್ಲ. ಆದರೆ ಕಷ್ಟಪಟ್ಟು ಉಳಿಸಿದ ನಾಲ್ಕು ಕಾಸನ್ನು ಎಲ್ಲಿ ಇಡಬೇಕೆಂದು ಗೃಹಸ್ಥನು ಚಿಂತಿಸುವದು ಸಂಸಾರಧರ್ಮವೇ ಆಗಿರುವದರಿಂದ, ವ್ಯವಸ್ಥಾಪಕರು ಈ ವಿಷಯವನ್ನು ಗೊತ್ತುಪಡಿಸಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆನು. ಹುಮನಾಬಾದ, ಬಸವಕಲ್ಯಾಣಗಳ ಕಡೆಯ ಶಿಕ್ಷಕರೂ ಅಂಗಡಿಕಾರರೂ ಬರೆದು ಕಳಿಸಿದ ಪ್ರಶ್ನೆಯ ಚೀಟಿಗಳು ನನ್ನ ಮುಂದಿವೆ. ಅವುಗಳಲ್ಲಿ ಬಹಳಷ್ಟು ಚೀಟಿಗಳಲ್ಲಿರುವದು ಒಂದೇ ಪ್ರಶ್ನೆ: "ಯಾವ ಶೇರು ಕೊಳ್ಳಬೇಕು?" ಅದಕ್ಕೆ ನಾನು ಉತ್ತರ ಕೊಡಲಾರೆನು. ಹಣ ಪಡೆದು ಅಂಥ ಸಲಹೆ ಕೊಡುವವನು ಸೆಬಿ ಎಂಬ ನಿಯಂತ್ರಣ ಮಂಡಲಿಯಲ್ಲಿ ಹೆಸರು ನೋಂದಿಸಿರಬೇಕು. ನಾನು ಆ ವೃತ್ತಿಯವನಲ್ಲ. ನಾನು ಕಾಗದಪತ್ರಗಳನ್ನು ಓದಿ ಹೊಟ್ಟೆ ಹೊರೆಯುವವನು. ಆದುದರಿಂದ ಶೇರು ಎಂಬ ಕಾಗದದ ಹಿಂದೆ ಏನಿರುತ್ತದೆ, ಅದನ್ನು ನಮಗೆ ಮಾರುವವರು ಯಾರು, ನಾವು ಕೊಟ್ಟ ಹಣ ಯಾರ ಚೀಲಕ್ಕೆ ಬೀಳುತ್ತದೆ ಎಂಬಷ್ಟನ್ನೇ ಹೇಳುವೆನು. ಇಷ್ಟು ತಿಳಿದವನು ಮೊದಲಿನ ಪ್ರಶ್ನೆಯನ್ನು ಪರರಿಗೆ ಕೇಳುವ ಅಗತ್ಯವೇ ಬಹಳಮಟ್ಟಿಗೆ ತಪ್ಪುವದೆಂದು ನನ್ನ ನಂಬಿಕೆ.

ಶೇರು ಎಂದರೆ ಪಾಲು. ಈ ಶಬ್ದ ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರಖಾನೆಯ ಶೇರು ಇಲ್ಲಿಯ ಕಬ್ಬಿನ ಬೆಳೆಗಾರರಿಗೆ ಪರಿಚಿತವೇ ಆಗಿದೆ. ೧೯೦೫ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದ ಕಾಲದಿಂದ ಕನ್ನಡ ನಾಡಿನ ಹಳ್ಳಿಗಳು ಶೇರನ್ನು ಕಂಡಿವೆ. ಆದರೆ ಸಹಕಾರಿ ಸಂಘದ ಶೇರಿಗೂ ಕಂಪನಿಯ ಶೇರಿಗೂ ಬಹಳ ಅಂತರವಿದೆ. ಸಂಘದಲ್ಲಿ ಹತ್ತು ಶೇರಿನವನಿಗೂ ಒಂದೇ ಮತ, ಒಂದು ಶೇರಿನವನಿಗೂ ಒಂದೇ ಮತ; ಅಲ್ಲಿಯ ಶೇರು ಪೇಟೆಯಲ್ಲಿ ಏರಿಳಿಯುವದಿಲ್ಲ. ಕಂಪನಿಯಲ್ಲಿ ಶೇರು ಎಷ್ಟೋ ಮತವೂ ಅಷ್ಟು. ಬೇಡವಾದರೆ ಕಂಪನಿಯು ಸಾಮಾನ್ಯವಾಗಿ ಹಣ ಮರಳಿ ಕೊಡುವದಿಲ್ಲ. ಪೇಟೆಯಲ್ಲಿ ಕೊಳ್ಳುವವನೊಬ್ಬನು ಸಿಕ್ಕಬೇಕು, ಅವನು ಕೊಟ್ಟಷ್ಟೇ ಬೆಲೆ. ಕಂಪನಿಗೆ ಲಾಭವಾದರೆ ಲಾಭಾಂಶ ಬರಬಹುದು, ಬಾರದಿರಲೂಬಹುದು. ಕಂಪನಿ ಮುಳುಗಿದರೆ ಸಾಲಗಾರರದೆಲ್ಲ ತೀರಿದ ಮೇಲೆ ಕಟ್ಟಕಡೆಗೆ ಶೇರುದಾರನ ಸರದಿ. ಇದರಲ್ಲಿ ಒಂದು ಸಮಾಧಾನವೂ ಉಂಟು: ಶೇರಿಗೆ ಹಾಕಿದ ಹಣ ಹೋದೀತೇ ಹೊರತು, ಕಂಪನಿಯ ಸಾಲಕ್ಕಾಗಿ ನಿಮ್ಮ ಮನೆ ಹೊಲಗಳು ಜಪ್ತಿಯಾಗುವದಿಲ್ಲ.

"ಬ್ಯಾಂಕಿನ ಠೇವಣಿಯೂ ಬ್ಯಾಂಕಿನ ಶೇರೂ ಒಂದೇ ಅಲ್ಲವೇ?" ಎಂದು ಒಬ್ಬ ಮಾಸ್ತರರು ಕೇಳಿದ್ದಾರೆ. ಅಲ್ಲ. ೨೦೨೦ರ ನವೆಂಬರಿನಲ್ಲಿ ಕರೂರಿನ ಲಕ್ಷ್ಮೀವಿಲಾಸ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿನಲ್ಲಿ ವಿಲೀನಗೊಳಿಸಿದರು. ಠೇವಣಿದಾರರ ಹಣ ಸುರಕ್ಷಿತವಾಗಿ ಉಳಿಯಿತು. ಶೇರುದಾರರ ಶೇರು ಸೊನ್ನೆಯಾಯಿತು. ಒಂದೇ ಬ್ಯಾಂಕು, ಒಂದೇ ದಿನ. ಠೇವಣಿಗೆ ೨೦೨೦ರಿಂದ ₹೫ ಲಕ್ಷದ ವರೆಗೆ ವಿಮೆಯಿದೆ. ಶೇರಿನ ಬೆಲೆಗೆ ಅಂಥ ವಿಮೆ ಇಲ್ಲ.

ಇನ್ನು ಅತ್ಯಂತ ಮಹತ್ವದ ಪ್ರಶ್ನೆ: "ನಾನು ಶೇರು ಕೊಂಡರೆ ನನ್ನ ಹಣ ಕಂಪನಿಗೆ ಮುಟ್ಟುವದೇ?" ಇದಕ್ಕೆ ಉತ್ತರವಾಗಿ, ಈ ಬೀದರ ಸೀಮೆಯೆಲ್ಲ ನಿಜಾಮರ ಆಳಿಕೆಯಲ್ಲಿದ್ದ ಕಾಲದ ಒಂದು ಪ್ರಕರಣವನ್ನು ವಿಸ್ತಾರವಾಗಿ ಹೇಳುವೆನು. ಇದು ಶಾಲೆಯ ಪಾಠಗಳಲ್ಲಿ ಬರಬೇಕಾದ ಕಥೆ; ಏಕೆ ಬರುವದಿಲ್ಲವೋ ಅರಿಯೆ.

೧೮೮೬ರಲ್ಲಿ ನಿಜಾಮ ಸಂಸ್ಥಾನದ ಗಣಿಗಳನ್ನು ತೋಡುವ ಹಕ್ಕು ಲಂಡನ್ನಿನ ಕೆಲವು ಉದ್ಯಮಿಗಳಿಗೆ ದೊರೆಯಿತು. ಸಂಸ್ಥಾನದ ಪರವಾಗಿ ಮಾತುಕತೆ ನಡೆಸಿದವನು ಸರದಾರ ಅಬ್ದುಲ್ ಹಕ್ ಎಂಬ ಅಧಿಕಾರಿ. ಹೈದರಾಬಾದ ಡೆಕ್ಕನ್ ಕಂಪನಿ ಎಂದು ಹೆಸರಿಟ್ಟು, ತಲಾ ೧೦ ಪೌಂಡಿನ ೧ ಲಕ್ಷ ಶೇರುಗಳ ಕಂಪನಿಯನ್ನು ಕಟ್ಟಿದರು. ಕೇಳಿದವರಿಗೆ ೧೦ ಲಕ್ಷ ಪೌಂಡಿನ ಭಾಂಡವಲು! ಆದರೆ ಅವುಗಳಲ್ಲಿ ೮೫,೦೦೦ ಶೇರುಗಳನ್ನು, ಹಣ ಪೂರ್ತಿ ಸಂದಾಯವಾದವೆಂದು ಬರೆದು, ಹಕ್ಕು ಪಡೆದವರೇ ಒಂದು ಕಾಸೂ ಕೊಡದೆ ತಮ್ಮಲ್ಲಿ ಇರಿಸಿಕೊಂಡರು. ಲಂಡನ್ನಿನ ಪೇಟೆಯಲ್ಲಿ ಧಾರಣೆ ಏರಿತು. ನಿಜಾಮ ಸರಕಾರವೇ ಪ್ರಜೆಗಳ ಬೊಕ್ಕಸದಿಂದ ೧೨ ಪೌಂಡಿನಂತೆ ೧೦,೦೦೦ ಶೇರುಗಳನ್ನು ಕೊಂಡುಕೊಂಡಿತು. ೧,೨೦,೦೦೦ ಪೌಂಡು ಹೋಯಿತು. ಬಹಿರಂಗ ಪೇಟೆಯಲ್ಲಿ ಕೊಳ್ಳುತ್ತಿದ್ದೇವೆಂದು ಸರಕಾರ ತಿಳಿದಿತ್ತು. ಮಾರುತ್ತಿದ್ದವನು ಯಾರು? ಸರಕಾರದ ಪರವಾಗಿ ಕರಾರು ಕುದುರಿಸಿದ ಅಬ್ದುಲ್ ಹಕ್ಕನೇ! ಅವನಿಗೆ ಆ ಶೇರುಗಳು ಪುಕ್ಕಟೆಯಾಗಿ ಬಂದಿದ್ದವು. ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ಇದರ ವಿಚಾರಣೆ ನಡೆಸಿತು. ಅವನನ್ನು ಅಧಿಕಾರದಿಂದ ದೂರ ಸರಿಸಿದರು.

ಇದರಲ್ಲಿ ಗಮನಿಸಬೇಕಾದ ಸಂಗತಿಯಾವದೆಂದರೆ, ಗಣಿ ಸುಳ್ಳಾಗಿರಲಿಲ್ಲ. ಸಿಂಗರೇಣಿಯ ಕಲ್ಲಿದ್ದಲು ನಿಜವಾದದ್ದೇ. ೧೯೨೦ರಲ್ಲಿ ಹುಟ್ಟಿದ ಸಿಂಗರೇಣಿ ಕಾಲರೀಸ್ ಕಂಪನಿಯು ಅದೇ ಆಸ್ತಿಯನ್ನು ವಹಿಸಿಕೊಂಡು ಇಂದಿಗೂ ಇದ್ದಿಲು ತೆಗೆಯುತ್ತಿದೆ. ನೆಲದಲ್ಲಿ ಮಾಲು ಇತ್ತು, ಕಾಗದ ಕಾಯದೆಬದ್ಧವಾಗಿತ್ತು, ಪೇಟೆಯಲ್ಲಿ ಧಾರಣೆಯೂ ಇತ್ತು. ಆದರೆ ಪ್ರಜೆಗಳ ೧,೨೦,೦೦೦ ಪೌಂಡಿನಲ್ಲಿ ಒಂದು ಗುದ್ದಲಿಯೂ ಗಣಿಗೆ ಬರಲಿಲ್ಲ. ಎಲ್ಲವೂ ಮಾರಿದವನ ಜೇಬಿಗೆ ಹೋಯಿತು. ಒಳ್ಳೆಯ ಉದ್ಯೋಗವಿದ್ದರೂ ಕೊಂಡವನು ಮೋಸಹೋಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಈಗಲೂ ನೀವು ಪೇಟೆಯಲ್ಲಿ ದಿನನಿತ್ಯ ಕೊಳ್ಳುವ ಶೇರಿನ ಹಣ ಕಂಪನಿಗೆ ಹೋಗುವದಿಲ್ಲ. ನಿಮ್ಮಂಥ ಇನ್ನೊಬ್ಬ ಶೇರುದಾರನಿಗೆ ಹೋಗುತ್ತದೆ. ಕಂಪನಿಯು ಹೊಸದಾಗಿ ಶೇರು ಹೊರಡಿಸಿದರೆ ಮಾತ್ರ ಅದಕ್ಕೆ ಭಾಂಡವಲು ಸಿಕ್ಕುವದು. ಮೊದಲ ಸಲ ಜನರ ಮುಂದೆ ಬರುವ ಕಂಪನಿಗಳಲ್ಲಿಯೂ ಹಳೆಯ ಒಡೆಯರು ತಮ್ಮ ಪಾಲನ್ನು ಮಾರುವದೇ ಮುಖ್ಯ ಉದ್ದೇಶವಾಗಿರುವದುಂಟು. ೨೦೨೨ರ ಮೇ ತಿಂಗಳಲ್ಲಿ ಜೀವವಿಮಾ ನಿಗಮದ ಶೇರು ₹೯೪೯ರಂತೆ ಬಂದಿತಷ್ಟೆ. ಪಾಲಿಸಿದಾರರಿಗೆ ₹೬೦ ಸೋಡಿ ಇತ್ತು. ನಿಗಮದ ಮೇಲಿನ ವಿಶ್ವಾಸದಿಂದ ಎಷ್ಟೋ ಮಾಸ್ತರರು ಅರ್ಜಿ ಹಾಕಿದರು. ಅದರಲ್ಲಿ ಹೊಸ ಶೇರು ಒಂದೂ ಇರಲಿಲ್ಲ. ಕೇಂದ್ರ ಸರಕಾರವು ತನ್ನ ನೂರಕ್ಕೆ ಮೂರೂವರೆ ಪಾಲನ್ನು ಮಾರಿತು. ಸುಮಾರು ₹೨೦,೫೦೦ ಕೋಟಿ ಬಂದದ್ದು ಸರಕಾರಕ್ಕೆ. ಮೊದಲ ದಿನದ ವ್ಯಾಪಾರ ಮುಗಿಯುವಾಗ ಧಾರಣೆ ₹೮೮೦ಕ್ಕೂ ಕೆಳಗಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲವನ್ನೂ ಮಾಹಿತಿಪತ್ರಿಕೆಯಲ್ಲಿ ಬರೆದಿದ್ದರು. ಆ ಪತ್ರಿಕೆ ಇಂಗ್ಲಿಷಿನಲ್ಲಿ ನೂರಾರು ಪುಟ. ಕನ್ನಡಿಗನ ಹಣ ಬೇಕು, ಕನ್ನಡ ಬೇಡ! ಅದರ ತಿರುಳನ್ನಾದರೂ ಕೊಳ್ಳುವವನ ಭಾಷೆಯಲ್ಲಿ ಕೊಡಿರೆಂದು ನಾವು ಕೇಳಲೇಬೇಕು. ಅಲ್ಲಿಯ ವರೆಗೆ, ಅದರಲ್ಲಿ "ಹಣದ ವಿನಿಯೋಗ" ಎಂಬ ಪ್ರಕರಣವನ್ನಷ್ಟಾದರೂ ಇಂಗ್ಲಿಷು ಬಲ್ಲವರಿಂದ ಓದಿಸಿಕೊಳ್ಳಿರಿ.

ಧಾರಣೆ ಏಕೆ ಏರಿಳಿಯುತ್ತದೆಂಬುದಕ್ಕೆ ದೊಡ್ಡ ಶಾಸ್ತ್ರ ಬೇಡ. ಇಲ್ಲಿಯ ದತ್ತಜಯಂತಿಯ ಉತ್ಸವದಲ್ಲಿ ಜನ ಕೂಡಿದಾಗ ಬೆಲೆ ಒಂದು, ಜನ ಚದುರಿದ ಮೇಲೆ ಬೆಲೆ ಮತ್ತೊಂದು. ವಸ್ತು ಮಾತ್ರ ಅದೇ. ಶೇರುಪೇಟೆಯಲ್ಲಿ ದಿನದ ಧಾರಣೆ ಜನರ ಆಶೆ ಭಯಗಳಿಂದ ಆಗುವದು. ಹತ್ತಿಪ್ಪತ್ತು ವರುಷದ ಧಾರಣೆ ಕಂಪನಿಯ ಗಳಿಕೆಯಿಂದ ಆಗುವದು. ೧೯೯೩ರಲ್ಲಿ ಬೆಂಗಳೂರಿನ ಇನ್‌ಫೋಸಿಸ್ ₹೯೫ರಂತೆ ಶೇರು ಮಾರಲು ಬಂದಾಗ ಜನರ ಅರ್ಜಿಗಳೇ ಸಾಲದೆ ಹೋದವು. ಅಂದು ₹೯,೫೦೦ ಕೊಟ್ಟು ೧೦೦ ಶೇರು ಪಡೆದು ಮಾರದೆ ಕುಳಿತವನಲ್ಲಿ, ಬೋನಸ್ ಶೇರುಗಳೂ ಶೇರಿನ ವಿಭಜನೆಯೂ ಸೇರಿ, ೨೦೧೮ರ ಹೊತ್ತಿಗೆ ೧,೦೨,೪೦೦ ಶೇರುಗಳಾಗಿದ್ದವು. ಈ ಲೆಕ್ಕವನ್ನು ಎಲ್ಲ ದಲಾಲರೂ ಹೇಳುತ್ತಾರೆ. ಅದೇ ವರುಷಗಳಲ್ಲಿ ಜನರಿಂದ ಹಣ ಎತ್ತಿ, ವಿಳಾಸವನ್ನೂ ಬಿಡದೆ ಮಾಯವಾದ ಕಂಪನಿಗಳು ೨೦೦ಕ್ಕೂ ಹೆಚ್ಚೆಂದು ಕೇಂದ್ರ ಸರಕಾರವೇ ಪಟ್ಟಿ ಮಾಡಿತು. ಅದನ್ನು ಯಾವ ದಲಾಲನೂ ಹೇಳುವದಿಲ್ಲ.

"ಹಾಗಾದರೆ ಇದು ಜೂಜೇ?" ಶೇರು ಕೊಂಡು ಇಟ್ಟುಕೊಳ್ಳುವದು ಜೂಜಲ್ಲ, ಪಾಲುಗಾರಿಕೆ. ಆದರೆ ಶೇರುಪೇಟೆಯಲ್ಲಿ ಇನ್ನೊಂದು ಅಂಗಳವಿದೆ. ತೊಗರಿಯ ವ್ಯಾಪಾರ ಬಲ್ಲ ಅಡತಿ ವರ್ತಕರಿಗೆ ವಾಯಿದೆ ಎಂದರೆ ತಿಳಿಯುವದು. ಶೇರು ಕೊಳ್ಳದೆಯೇ, ಮುಂದಿನ ಗಡುವಿನ ಧಾರಣೆಯ ಮೇಲೆ ಅಲ್ಪ ಹಣ ಕಟ್ಟಿ ಅದರ ಹಲವು ಪಟ್ಟು ಮೊತ್ತದ ಕರಾರು ಮಾಡುವದೇ ಈ ವಾಯಿದೆ. ಧಾರಣೆ ಸ್ವಲ್ಪ ವಿರುದ್ಧವಾಗಿ ಸರಿದರೂ ಕಟ್ಟಿದ್ದೆಲ್ಲ ನುಂಗಿಹೋಗುತ್ತದೆ. ಸೆಬಿಯು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಲೆಕ್ಕದಂತೆ, ೨೦೨೧-೨೨ರಿಂದ ೨೦೨೩-೨೪ರ ವರೆಗಿನ ಮೂರು ವರುಷಗಳಲ್ಲಿ ಈ ವಾಯಿದೆಯಲ್ಲಿ ಇಳಿದ ೧ ಕೋಟಿಗೂ ಮಿಕ್ಕಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ ೯೩ ಮಂದಿ ಹಣ ಕಳೆದುಕೊಂಡರು. ಸರಾಸರಿ ಹಾನಿ ತಲಾ ಸುಮಾರು ₹೨ ಲಕ್ಷ, ಒಟ್ಟು ₹೧.೮ ಲಕ್ಷ ಕೋಟಿಗೂ ಹೆಚ್ಚು. ಈ ಅಂಗಳದೊಳಗೆ ಕಾಲಿಡಬೇಡಿರೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಸರಕಾರಿ ಶಾಲೆಯ ಶಿಕ್ಷಕರಿಗೆ ಇನ್ನೂ ಒಂದು ಮಾತು. ರಾಜ್ಯದ ನೌಕರರ ನಡತೆಯ ನಿಯಮಗಳು ಶೇರಿನಲ್ಲಿ ಹಣ ತೊಡಗಿಸುವದನ್ನು ತಡೆಯುವದಿಲ್ಲ. ಸಟ್ಟಾ ಆಡುವದನ್ನು ನಿಷೇಧಿಸುತ್ತವೆ. ಮೇಲಿಂದ ಮೇಲೆ ಕೊಳ್ಳುವದು ಮಾರುವದು ಸಟ್ಟಾ ಎಂದೇ ಎಣಿಕೆ. ತರಗತಿಯ ಬಿಡುವಿನಲ್ಲಿ ಮೊಬೈಲಿನಲ್ಲಿ ಕೊಂಡು ಮಾರುತ್ತಿರುವವರು ಹಣದ ಜೊತೆಗೆ ನೌಕರಿಯನ್ನೂ ಪಣಕ್ಕಿಟ್ಟಿದ್ದಾರೆ.

ಈಚೆಗೆ ನನ್ನ ಕಚೇರಿಗೆ ಒಬ್ಬ ನಿವೃತ್ತ ಮಾಸ್ತರರು ಬಂದಿದ್ದರು. ಅವರ ಮೊಬೈಲಿನಲ್ಲಿ ಯಾವದೋ ವಾಟ್ಸಾಪ್ ಗುಂಪು. ಅದರಲ್ಲಿ ದಿನಾಲು ಲಾಭದ ಸುದ್ದಿ. ಗ್ರಾಚ್ಯುಯಿಟಿಯ ಹಣವನ್ನು ಕಂತುಕಂತಾಗಿ ಕಳಿಸಿದ್ದರು. ಪರದೆಯ ಮೇಲೆ ಅದು ಮೂರು ಪಟ್ಟಾಗಿ ತೋರುತ್ತಿತ್ತು. ಮರಳಿ ಕೇಳಿದರೆ "ಮೊದಲು ತೆರಿಗೆ ಕಟ್ಟಿರಿ" ಎಂದು ಉತ್ತರ. ಹಣ ಹೋದ ಖಾತೆಗಳನ್ನು ನೋಡಿದೆನು. ಎಲ್ಲವೂ ಬೇರೆ ಬೇರೆ ಊರಿನ ಖಾಸಗಿ ವ್ಯಕ್ತಿಗಳವು. ಅಲ್ಲಿ ಶೇರೂ ಇರಲಿಲ್ಲ, ಪೇಟೆಯೂ ಇರಲಿಲ್ಲ. ಇಂಥದು ನಡೆದರೆ ನಾಚಿಕೆಯಿಂದ ಮುಚ್ಚಿಡದೆ ಆ ಗಳಿಗೆಯಲ್ಲಿಯೇ ೧೯೩೦ ಸಂಖ್ಯೆಗೆ ದೂರವಾಣಿ ಮಾಡಬೇಕು. ಹಣ ಇನ್ನೂ ಬ್ಯಾಂಕಿನಲ್ಲಿದ್ದರೆ ತಡೆಯಲು ಸಾಧ್ಯವಾದೀತು. ಅವರು ಬಂದದ್ದು ನಾಲ್ಕು ತಿಂಗಳ ಮೇಲೆ.

ನಿಜವಾದ ಶೇರು ನಿಮ್ಮದಾಯಿತೆಂದು ತಿಳಿಯುವದು ಹೇಗೆ? ೧೯೯೬ರ ಕಾಯದೆಯ ತರುವಾಯ ಶೇರು ಕಾಗದದಲ್ಲಿಲ್ಲ; ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಅಂಕಿಯಾಗಿ ಇರುತ್ತದೆ. ೨೦೨೩ರ ಜನವರಿಯಿಂದ ಕೊಂಡ ಮರುದಿನದ ವಹಿವಾಟಿನ ಹೊತ್ತಿಗೆ ಅದು ಜಮೆಯಾಗಬೇಕು. ಆ ಖಾತೆಯ ಲೆಕ್ಕವು ದಲಾಲನಿಂದಲ್ಲದೆ, ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಭಂಡಾರಸಂಸ್ಥೆಯಿಂದಲೂ ಬರುತ್ತದೆ. ಅದನ್ನು ತಿಂಗಳಿಗೊಮ್ಮೆ ಓದಿ ನೋಡಿರಿ. ೨೦೧೯ರ ನವೆಂಬರಿನಲ್ಲಿ ಹೈದರಾಬಾದಿನ ಕಾರ್ವಿ ಎಂಬ ದೊಡ್ಡ ದಲಾಲಿ ಸಂಸ್ಥೆಯು ಗಿರಾಕಿಗಳ ಶೇರುಗಳನ್ನು ಒತ್ತೆಯಿಟ್ಟು ಸಾಲ ಎತ್ತಿತೆಂದು ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. ನಿಮ್ಮ ಪರವಾಗಿ ಖಾತೆ ನಡೆಸುವ ಪೂರ್ಣ ಅಧಿಕಾರಪತ್ರಕ್ಕೆ ಓದದೆ ಸಹಿ ಹಾಕುವದು ಎಂಥ ಅಪಾಯವೆಂಬುದನ್ನು ವಕೀಲನಾಗಿ ನಾನು ಬೇರೆ ಹೇಳಬೇಕಾಗಿಲ್ಲ.

ಲೆಕ್ಕಪತ್ರ ಓದಿಯೇ ಕೊಳ್ಳುತ್ತೇವೆ ಎನ್ನುವವರಿಗೂ ಪೂರ್ಣ ಅಭಯವಿಲ್ಲ. ಅದೇ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ೨೦೦೯ರ ಜನವರಿ ೭ರಂದು, ತಮ್ಮ ಲೆಕ್ಕದಲ್ಲಿ ತೋರಿಸಿದ ನಗದಿನಲ್ಲಿ ₹೫,೦೦೦ ಕೋಟಿಗೂ ಹೆಚ್ಚು ಇರಲೇ ಇಲ್ಲವೆಂದು ಪತ್ರ ಬರೆದರು. ಲೆಕ್ಕಪರಿಶೋಧಕರ ಸಹಿ ಆ ಲೆಕ್ಕಗಳ ಮೇಲಿತ್ತು. ಒಂದೇ ದಿನದಲ್ಲಿ ಶೇರಿನ ಮುಕ್ಕಾಲು ಬೆಲೆ ಕರಗಿತು. ಆದುದರಿಂದ ಒಂದೇ ಕಂಪನಿಯಲ್ಲಿ ಎಲ್ಲವನ್ನೂ ಹಾಕಲಾಗದು. ಕಂಪನಿಗಳನ್ನು ಆರಿಸುವ ವ್ಯವಧಾನವಿಲ್ಲದವರು ಐವತ್ತು ದೊಡ್ಡ ಕಂಪನಿಗಳಲ್ಲಿ ಹಂಚಿ ತೊಡಗಿಸುವ ಮ್ಯೂಚುವಲ್ ಫಂಡಿನ ಮೂಲಕ ಹೋಗಬಹುದು. ತಿಂಗಳಿಗೆ ₹೫೦೦ ಇದ್ದರೂ ಸಾಕು. ಮಗಳ ಮದುವೆಗೆ ಬರುವ ವರುಷ ಬೇಕಾದ ಹಣವನ್ನೂ ಸಾವುಕಾರನಿಂದ ತಂದ ಸಾಲವನ್ನೂ ಇದಕ್ಕೆ ಹಾಕಬಾರದು. ಐದು, ಹತ್ತು ವರುಷ ನೆನಪಾಗದಿದ್ದರೂ ಮನೆ ನಡೆಯುವಂಥ ಹಣವನ್ನು ಮಾತ್ರ ಹಾಕಬೇಕು.

ಕೊನೆಯ ಚೀಟಿಯಲ್ಲಿ, ತಂದೆಯವರ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಶೇರುಪತ್ರಗಳಿಗೆ ಬೆಲೆಯುಂಟೇ ಎಂದು ಒಬ್ಬರು ಕೇಳಿದ್ದಾರೆ. ಇರಬಹುದು, ಹರಿದು ಒಗೆಯಬೇಡಿರಿ. ಕಾಗದದ ಶೇರನ್ನು ೨೦೧೯ರ ಏಪ್ರಿಲಿನಿಂದ ಮಾರಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬರುವದಿಲ್ಲ, ಆದರೆ ವಾರಸುದಾರರ ಹಕ್ಕು ಅಳಿದಿಲ್ಲ. ಏಳು ವರುಷ ಯಾರೂ ಲಾಭಾಂಶ ಕೇಳದಿದ್ದರೆ ಆ ಹಣವೂ ಶೇರೂ ಕೇಂದ್ರ ಸರಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆ. ಅಲ್ಲಿಂದ ಅರ್ಜಿ ಕೊಟ್ಟು ಮರಳಿ ಪಡೆಯಬಹುದು. ಮರಣದ ದಾಖಲೆ, ವಾರಸಾ ಪತ್ರ, ಮೂಲ ಶೇರುಪತ್ರ ಇವುಗಳನ್ನು ಜೋಡಿಸಿ ಇಟ್ಟುಕೊಳ್ಳಿರಿ. ಅರ್ಜಿಗೆ ಶುಲ್ಕವಿಲ್ಲ. ನೂರಕ್ಕೆ ಇಪ್ಪತ್ತು ಕೊಟ್ಟರೆ ಬಿಡಿಸಿಕೊಡುತ್ತೇನೆಂದು ಬರುವವರಿಗೆ ಮೂಲ ಪತ್ರವನ್ನು ಮಾತ್ರ ಕೈಗೆ ಕೊಡಬೇಡಿರಿ. ಆ ಪೆಟ್ಟಿಗೆಯ ಸದ್ಗೃಹಸ್ಥರು ಸಭೆಯಲ್ಲಿದ್ದರೆ ಪತ್ರಗಳನ್ನು ತಂದು ತೋರಿಸಲಿ. ಸಂಜೆಯ ವರೆಗೆ ನಾನು ಇಲ್ಲಿಯೇ ಇರುವೆನು.