ಗೋಮಾಳದಲ್ಲಿ ಏನಿದೆ?



ಒಮ್ಮೆ ಮಳೆಗಾಲದಲ್ಲಿ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವಾಗ ಹಾದಿಬದಿಯ ಗೋಮಾಳವೊಂದನ್ನು ನೋಡಿ, “ಇಲ್ಲಿ ಚಿತ್ರೀಕರಿಸಲು ಏನೂ ಇಲ್ಲ, ಮುಂದೆ ಹೋಗೋಣ” ಎಂದು ನಮ್ಮ ಕ್ಯಾಮೆರಾಮನ್‌ಗೆ ಹೇಳಿದೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಕ್ಕು, “ಏನೂ ಇಲ್ವಾ ಸಾಮಿ? ಕುಂತ್ಕೊಂಡು ನೋಡಿ” ಎಂದರು. ಕುಳಿತು ನೋಡಿದೆ. ಗರಿಕೆ, ತುಂಬೆ, ನೆಗ್ಗಿಲು, ಉತ್ತರಾಣಿ, ನೆಲನೆಲ್ಲಿ, ಕೊನ್ನಾರಿ, ನೀಲಿ ಹೂವಿನ ವಿಷ್ಣುಕ್ರಾಂತಿ. ಅಜ್ಜಿ ಹೆಸರು ಹೇಳುತ್ತಾ ಹೋದರು. ವಿಜ್ಞಾನ ಪದವೀಧರನಾದ ನಾನು ಬರೆದುಕೊಳ್ಳುತ್ತಾ ಹೋದೆ.

ಇಷ್ಟೊಂದು ಬಗೆಯ ಗಿಡಗಳು ಒಂದೇ ಕಡೆ ಹೇಗೆ ಬದುಕುತ್ತವೆ? ನಾವು ನೆಲವನ್ನು ಬಳಸುವ ರೀತಿಯಲ್ಲೇ ಇದಕ್ಕೆ ಉತ್ತರವಿದೆ. ದನಕುರಿಗಳು ಹದವಾಗಿ ಮೇಯ್ದರೆ ಎತ್ತರದ ಹುಲ್ಲು ತಗ್ಗಿ, ಕೆಳಗಿನ ಪುಟ್ಟ ಗಿಡಗಳಿಗೂ ಬಿಸಿಲು ಸಿಗುತ್ತದೆ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಬಲಿಷ್ಠವಾದ ಕೆಲವು ಹುಲ್ಲುಗಳೋ ಲಂಟಾನ ಪೊದೆಗಳೋ ಜಾಗವನ್ನು ಆಕ್ರಮಿಸಬಹುದು. ಅತಿಯಾಗಿ ಮೇಯಿಸಿದರೆ ದನಗಳು ಬಾಯಿ ಹಾಕದ ತಂಗಡಿ, ಪಾರ್ಥೇನಿಯಂನಂಥವು ಹೆಚ್ಚುತ್ತವೆ.

ಗೊಬ್ಬರದ ಪರಿಣಾಮವೂ ಸೋಜಿಗದ್ದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಿಂದ ಒಂದು ಹುಲ್ಲುಗಾವಲನ್ನು ಭಾಗ ಮಾಡಿ ಪ್ರಯೋಗ ನಡೆಸುತ್ತಿದ್ದಾರೆ. ಗೊಬ್ಬರ ಹಾಕದ ಭಾಗಗಳಲ್ಲಿ 35ಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ. ಅಮೋನಿಯಂ ಸಲ್ಫೇಟ್ ಹಾಕುತ್ತಾ ಬಂದು ಮಣ್ಣು ಹುಳಿಯಾದ ಕೆಲವು ಭಾಗಗಳಲ್ಲಿ ಎರಡು ಮೂರು ಬಗೆಗಳಷ್ಟೇ ಉಳಿದಿವೆ.

ಇನ್ನು ನಮ್ಮ ಜಿಲ್ಲೆಯ ಕಥೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಮೀಸಲಿಡಬೇಕು. ಆದರೆ ದಾಖಲೆಯಲ್ಲಿ ಗೋಮಾಳವಾಗಿದ್ದ ನೆಲ ಹಲವರ ಕಣ್ಣಿಗೆ ‘ಪಾಳುಭೂಮಿ’ಯಾಗಿ ಕಂಡಿತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ನೆಡುವ ಉತ್ಸಾಹದ ಕಾಲದಲ್ಲಿ ನೀಲಗಿರಿ ಎಲ್ಲೆಡೆ ಹಬ್ಬಿತು. ಮಾಲೂರು, ಮುಳಬಾಗಿಲು ಕಡೆಯ ರೈತರ ರಾಗಿ ಹೊಲಗಳಲ್ಲೂ ಅದು ಬೇರೂರಿತು. ನೆಡುವಾಗ ಉಳುಮೆಯಿಂದ ಹುಲ್ಲಿನ ಬುಡವೇ ಕಿತ್ತುಬಂತು. ಬೆಳೆದ ಮರ ಮೇಲ್ಮಣ್ಣಿನ ತೇವವನ್ನು ಹೀರಿತು. ಉದುರಿದ ಒಣ ಎಲೆಗಳು ಮೊಳಕೆಗೆ ಮುಚ್ಚಳವಾದವು. ಹಸಿರು ಕಂಡಿತು, ಆದರೆ ಮೇವು ಹೋಯಿತು. ಮೇವಿನೊಂದಿಗೆ ಅಜ್ಜಿ ಹೇಳಿದ ಹೆಸರುಗಳೂ ಹೋದವು.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ಕಡಿದು ಬುಡ ಕಿತ್ತರೆ ಹಳೆಯ ಹುಲ್ಲುಗಾವಲು ತಾನಾಗಿ ಮರಳುವುದೇ? ಪಕ್ಕದಲ್ಲಿ ಹಳೆಯ ಗೋಮಾಳದ ತುಂಡೊಂದು ಉಳಿದಿದ್ದರೆ ಬೀಜ ಬಂದು ನಿಧಾನವಾಗಿ ಚೇತರಿಕೆ ಸಾಧ್ಯ. ಅದೂ ಇಲ್ಲದಿದ್ದರೆ ಬರುವುದು ಹೆಚ್ಚಾಗಿ ಕಳೆಯೇ. ಆದ್ದರಿಂದ ಉಳಿದಿರುವ ತುಂಡುಗಳೇ ನಮ್ಮ ಬಿತ್ತನೆ ಬೀಜದ ಕಣಜ. ಪರಿಸರ ದಿನದಂದು ಸಸಿ ಹಿಡಿದು ಹೊರಡುವ ಮುನ್ನ, ನೆಡಲು ಹೊರಟಿರುವ ಜಾಗದಲ್ಲಿ ಈಗಾಗಲೇ ಏನಿದೆ ಎಂದು ಬಗ್ಗಿ ನೋಡಿ.

ಮಳೆ ಬಿದ್ದ ಮೇಲೆ ನಾಲ್ಕು ಗೂಟ, ಒಂದಿಷ್ಟು ದಾರ ತೆಗೆದುಕೊಂಡು ಹೋಗಿ. ಗೋಮಾಳದಲ್ಲಿ, ನೀಲಗಿರಿ ತೋಪಿನಲ್ಲಿ, ಉತ್ತ ಮಾವಿನ ತೋಟದಲ್ಲಿ ಒಂದೊಂದು ಮೀಟರ್ ಚೌಕ ಗುರುತಿಸಿ, ಎಷ್ಟು ಬಗೆಯ ಗಿಡಗಳಿವೆ ಎಂದು ಎಣಿಸಿ. ಹೆಸರು ತಿಳಿಯದಿದ್ದರೆ ಮೊದಲು ಊರಿನ ಕುರಿ ಕಾಯುವವರನ್ನು ಕೇಳಿ. ಪುಸ್ತಕವನ್ನು ಆಮೇಲೆ ತೆರೆಯಿರಿ.