ಗಂಟಲಿನ ಗಂಟನ್ನು ಅಲಕ್ಷ್ಯ ಮಾಡಬೇಡಿ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕಾಫಿ ಕೊಯ್ಲಿನ ದಿನಗಳಲ್ಲಿ ಧ್ವನಿ ಒಡೆದರೆ ಕಣದ ಧೂಳೆನ್ನುತ್ತೇವೆ, ಮಳೆಗಾಲದಲ್ಲಾದರೆ ಶೀತವೆನ್ನುತ್ತೇವೆ. ಬಹುಮಟ್ಟಿಗೆ ಅದು ನಿಜವೇ. ಆದರೆ ಮೂರು ವಾರ ಕಳೆದರೂ ಧ್ವನಿ ಸರಿಹೋಗದಿದ್ದರೆ, ನುಂಗುವಾಗ ತಡೆದಂತಾದರೆ, ಕತ್ತಿನಲ್ಲಿ ಗಂಟು ಕಂಡರೆ, ಮೂಗಿನಿಂದ ಪದೇ ಪದೇ ರಕ್ತ ಬಂದರೆ ವೈದ್ಯರಿಗೆ ತೋರಿಸಲೇಬೇಕು.

ಗಂಟಲಿನ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಹೆಚ್ಚಾಗಿ ಹೊಗೆಸೊಪ್ಪು, ಬೀಡಿ, ಮದ್ಯಗಳಿಂದ ಬರುತ್ತದೆ. ಇವನ್ನು ಬಿಡುವುದೇ ಲೇಸು. ಆದರೆ ಇವನ್ನು ಮುಟ್ಟದವರ ಗಂಟಲಲ್ಲಿಯೂ ಅಪರೂಪವಾಗಿ ಒಂದು ಗಡ್ಡೆ ಬೆಳೆಯುವುದುಂಟು. ಅದು ರಕ್ತಕ್ಕೆ ಸಂಬಂಧಿಸಿದ ರೋಗ. ಹೆಸರು ಪ್ಲಾಸ್ಮಾಸೈಟೋಮ.

ರೋಗಾಣುಗಳೊಡನೆ ಹೋರಾಡುವ ವಸ್ತುವನ್ನು ತಯಾರಿಸುವ ಪ್ಲಾಸ್ಮಾ ಕಣಗಳು ನಮ್ಮ ಮೂಳೆಯ ಮಜ್ಜೆಯಲ್ಲಿವೆ. ಮೂಗು, ಗಂಟಲುಗಳ ಒಳಪೊರೆಯಲ್ಲಿಯೂ ಅವು ಕಾವಲಿರುತ್ತವೆ. ಅಂಥ ಕಣವೊಂದು ಕೆಟ್ಟು ಮಿತಿಮೀರಿ ಬೆಳೆದರೆ ಗಡ್ಡೆಯಾಗುತ್ತದೆ. ಮೂಳೆಯ ಹೊರಗೆ ಹೀಗೆ ಹುಟ್ಟುವ ಗಡ್ಡೆಗಳಲ್ಲಿ ಹತ್ತಕ್ಕೆ ಸುಮಾರು ಎಂಟು ತಲೆ, ಕತ್ತಿನ ಭಾಗದಲ್ಲಿಯೇ ಕಾಣುತ್ತವೆ.

ಒಂದು ಕಾಫಿ ಗಿಡದಲ್ಲಿ ಕಾಂಡಕೊರಕ ಕಂಡರೆ ತಾವು ಆ ಗಿಡವನ್ನು ಕಿತ್ತು ಸುಮ್ಮನಾಗುವಿರಾ? ಇಡೀ ತೋಟವನ್ನು ನೋಡುತ್ತೀರಿ. ವೈದ್ಯರು ಮಾಡುವುದೂ ಅದನ್ನೇ. ಮೊದಲು ಗಡ್ಡೆಯ ಚೂರು ತೆಗೆದು ಪರೀಕ್ಷಿಸುತ್ತಾರೆ. ಆಮೇಲೆ ರಕ್ತ, ಮೂತ್ರ, ಮೂಳೆ, ಮಜ್ಜೆ ಎಲ್ಲವನ್ನೂ ನೋಡುತ್ತಾರೆ. ಮಜ್ಜೆಯಲ್ಲೆಲ್ಲ ರೋಗ ಹರಡಿದ್ದರೆ ಅದು ಮಲ್ಟಿಪಲ್ ಮೈಲೋಮ. ಅದಕ್ಕೆ ಔಷಧೋಪಚಾರ ಬೇರೆ. ಗಡ್ಡೆ ಒಂದೇ ಕಡೆ ಇದ್ದರೆ ನಾಲ್ಕೈದು ವಾರಗಳ ವಿಕಿರಣ ಚಿಕಿತ್ಸೆಯಿಂದ ಬಹುಮಂದಿಗೆ ಅದು ಕರಗಿಹೋಗುತ್ತದೆ. ಆದರೆ ಕೆಲವರಿಗೆ ವರ್ಷಗಳ ನಂತರ ಮಜ್ಜೆಯಲ್ಲಿ ರೋಗ ತಲೆಯೆತ್ತಬಹುದು. ಆದುದರಿಂದ ಗುಣವಾದ ಮೇಲೂ ಕರೆದಾಗಲೆಲ್ಲ ಪರೀಕ್ಷೆಗೆ ಹೋಗತಕ್ಕದ್ದು.

ಈ ರೋಗ ಅಂಟುವುದಿಲ್ಲ. ರೋಗಿಯ ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ, ಅಗತ್ಯವಾದರೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಹುದು. ಬಡವರಿಗೆ ಖರ್ಚಿನ ಅಂಜಿಕೆ ಸಹಜ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಜೊತೆಯಲ್ಲಿ ಒಯ್ಯಿರಿ.

ಹುತ್ತರಿ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ದಿನ ತಳ್ಳಬೇಡಿ. ಹಣ್ಣು ಕೊಯ್ಯಲು ನೆರೆಯವರ ಕೈ ಸಿಕ್ಕೀತು. ನಿಮ್ಮ ಬದಲು ಆಸ್ಪತ್ರೆಗೆ ಹೋಗಲು ಮಾತ್ರ ಯಾರಿಗೂ ಸಾಧ್ಯವಿಲ್ಲ.