ದೀಪ ಆರಿದ ಸಿಗ್ನಲು

(ಶಾಖಾಮಠದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಶಾಸ್ತ್ರ ಬಲ್ಲವನಲ್ಲ, ವೈದ್ಯನೂ ಅಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಯ ಸಿಗ್ನಲ್ ವಿಭಾಗವನ್ನು ಸೇರಿ, ಅಲ್ಲಿಯೇ ನಿವೃತ್ತನಾದವನು. ಸಾಂಕ್ರಾಮಿಕ ರೋಗದ ಕಾಲದಲ್ಲಿ ನಾವು ವಹಿಸಬೇಕಾದ ವಿವೇಕದ ಕುರಿತು ಮಾತನಾಡಬೇಕೆಂದು ವ್ಯವಸ್ಥಾಪಕರು ಅಪ್ಪಣೆ ಮಾಡಿರುವುದರಿಂದ, ಅನುಭವದಿಂದ ಕಲಿತುದನ್ನಷ್ಟೇ ನಿವೇದಿಸುತ್ತೇನೆ.

ರೈಲ್ವೆಯಲ್ಲಿ ಒಂದು ನಿಯಮವುಂಟು. ನಿಲುಗಡೆಯ ಸಿಗ್ನಲಿನ ದೀಪ ರಾತ್ರಿ ಆರಿಹೋಗಿದ್ದರೆ, ದಾರಿ ತೆರವಾಗಿರಬಹುದೆಂದು ಚಾಲಕನು ಊಹಿಸುವಂತಿಲ್ಲ. ಅದನ್ನು ಕೆಂಪೆಂದೇ ತಿಳಿದು ಗಾಡಿ ನಿಲ್ಲಿಸಬೇಕು.

2020ರ ಮಾರ್ಚ್ 22ರ ಮಧ್ಯರಾತ್ರಿ ಮುಂಬಯಿಯ ಲೋಕಲ್ ಗಾಡಿಗಳು ನಿಂತವು. 25ರಿಂದ ದೇಶವೇ ಮನೆಯೊಳಗೆ ಉಳಿಯಿತು. ಆಗ ನಮಗೆ ಆಯ್ಕೆಯೇ ಇರಲಿಲ್ಲ. ಕಠಿಣವಾದುದು ಮರುವರ್ಷ. ಹೋಗುವುದೋ ಬಿಡುವುದೋ ಎಂಬ ನಿರ್ಣಯ ಆಗ ನಮ್ಮದೇ ಆಗಿತ್ತು.

2021ರ ಮಾರ್ಚಿನಲ್ಲಿ, ಡೊಂಬಿವಲಿಯ ಅಣ್ಣನವರ ಮನೆಯಲ್ಲಿ ನಮ್ಮ ತೀರ್ಥರೂಪರ ಶ್ರಾದ್ಧ. ಹಿಂದಿನ ದಿನ ನನಗೆ ಗಂಟಲು ಕೆರೆತ, ಸ್ವಲ್ಪ ಮೈಬಿಸಿ. “ಮೊದಲು ಪರೀಕ್ಷೆ ಮಾಡಿಸಿರಿ. ಶ್ರಾದ್ಧ ಮಾಡಲು ಭಾವನವರು ಇದ್ದಾರಲ್ಲ” ಎಂದಳು ನನ್ನ ಧರ್ಮಪತ್ನಿ. “ಇದು ಹವೆಯ ಬದಲಾವಣೆ. ಪಿತೃಕಾರ್ಯ ತಪ್ಪಿಸಲಾದೀತೇ?” ಎಂದು ನಾನು ಹೊರಟೆನು. ಚಿಕ್ಕ ನಡುಮನೆಯಲ್ಲಿ ಎಲ್ಲರೂ ಕುಳಿತೆವು. ಮಡಿಯಲ್ಲಿದ್ದುದರಿಂದ ಯಾರೂ ಮಾಸ್ಕ್ ಧರಿಸಿರಲಿಲ್ಲ. ಅರವತ್ತು ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಆರಂಭವಾಗಿತ್ತು. ಆದರೆ ಜ್ವರ ಬಂದರೆ ಮಡಿ ಅಡಿಗೆಗೆ ತೊಡಕಾದೀತೆಂದು ಅತ್ತಿಗೆಯವರು ಅದನ್ನು ಮುಂದೂಡಿದ್ದರು. ವಾರದೊಳಗೆ ದಂಪತಿಗಳಿಬ್ಬರೂ ಆಸ್ಪತ್ರೆ ಸೇರಿದರು. ಹದಿನೆಂಟು ದಿನಗಳ ಮೇಲೆ ಅಣ್ಣನವರು ಮನೆಗೆ ಮರಳಿದರು, ಅತ್ತಿಗೆಯವರು ಮರಳಲಿಲ್ಲ.

ಅಣ್ಣನವರು ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಸೋಂಕು ಯಾರಿಂದ ಬಂದಿತೆಂದು ನಿರ್ಧರಿಸಲೂ ಆಗದು. ಆದರೆ ಆರಿದ ದೀಪವನ್ನು ಹಸಿರೆಂದು ಓದಿದವನು ನಾನೇ.

ಈ ವೈರಾಣುವು ಉಸಿರಿನೊಡನೆ, ಮಾತಿನೊಡನೆ ಹೊರಬಂದು, ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲಬಲ್ಲದು. ಲಕ್ಷಣ ತೋರುವ ಒಂದೆರಡು ದಿನ ಮೊದಲೇ ಹರಡಬಲ್ಲದು. ಆದ್ದರಿಂದ ಒಂದೇ ರಕ್ಷಣೆಯನ್ನು ನಂಬದೆ, ಕಿಟಕಿ ತೆರೆಯುವುದು, ಜನಸಂದಣಿಯಲ್ಲಿ ಮಾಸ್ಕ್ ಧರಿಸುವುದು, ವೈದ್ಯರು ಹೇಳಿದ ಲಸಿಕೆಯನ್ನು ಸಕಾಲದಲ್ಲಿ ಪಡೆಯುವುದು, ಇವೆಲ್ಲವನ್ನೂ ಕೂಡಿಸಿ ಪಾಲಿಸಬೇಕು. ಕಷಾಯದಿಂದ ಗಂಟಲಿಗೆ ಹಿತವಾದೀತು. ಸೋಂಕು ಹರಡುವುದು ಅದರಿಂದ ನಿಲ್ಲದು. ಆಂಟಿಬಯಾಟಿಕ್ ಮಾತ್ರೆಗಳು ವೈರಾಣುವನ್ನು ಕೊಲ್ಲವು. ಉಸಿರಾಟ ಕಷ್ಟವಾದರೆ, ಅಥವಾ ಆಕ್ಸಿಮೀಟರಿನಲ್ಲಿ ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ವೈರಾಣುವೇನೂ ಅಳಿದಿಲ್ಲ, ಫ್ಲೂ ಜ್ವರವೂ ವರ್ಷವರ್ಷ ಬರುತ್ತಲೇ ಇದೆ. ಜ್ವರವಿದ್ದಂದು ತೀರ್ಥಪ್ರಸಾದಕ್ಕೆ ಬಾರದಿರುವುದು ಭಕ್ತಿಯ ಲೋಪವೆಂದು ದಯವಿಟ್ಟು ಎಣಿಸಬೇಡಿರಿ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ವೃದ್ಧರಿಗೆ ಅದೇ ನಾವು ಸಲ್ಲಿಸುವ ಸೇವೆ.

ಕಳೆದ ವರ್ಷ ಶ್ರಾದ್ಧದ ಹಿಂದಿನ ದಿನ ನನಗೆ ಮತ್ತೆ ಗಂಟಲು ಕೆರೆಯಿತು. ನಾನು ಹೋಗಲಿಲ್ಲ. ಅಣ್ಣನವರು ಸಂಕಲ್ಪವನ್ನು ಫೋನಿನಲ್ಲಿ ಕೇಳಿಸಿ, “ಒಳ್ಳೆಯದು ಮಾಡಿದೆಯಪ್ಪಾ” ಎಂದರು.

ಶ್ರೀಕೃಷ್ಣಾರ್ಪಣಮಸ್ತು.